ಹೊಳೆಯ ಈ ಕಡೆ, ಹೊಳೆಯ ಆ ಕಡೆ: ಆರ್ಕೆಸ್ಟ್ರಾ ಜೊತೆ ಎರಡು ರಾತ್ರಿ

ನನ್ನ ಗೆಳೆಯನನ್ನು ನಾವೆಲ್ಲ ಡಬ್ಬ ಅಂತಲೇ ಕರೆಯುವುದು. ಮನೆಯಲ್ಲಿ ಇಟ್ಟ ಹೆಸರು ಬೇರೆ ಇದೆ. ತುಮಕೂರಿನ ಹೈಸ್ಕೂಲಿನಲ್ಲಿ ಊಟ ಮುಗಿದ ತಕ್ಷಣ ಡಬ್ಬಿಯನ್ನು ಬೋರಲು ಹಾಕಿ ಬಡಿಯಲು ಶುರು ಮಾಡುತ್ತಿದ್ದ. ಮೇಷ್ಟ್ರು ಡಬ್ಬಿ ಕಿತ್ತುಕೊಂಡರೆ ಬೆಂಚು. ಬೆಂಚಿನಿಂದ ಎಬ್ಬಿಸಿ ನಿಲ್ಲಿಸಿದರೆ ತೊಡೆ. ಈಗ ಅವನಿಗೆ ನಲವತ್ತು ದಾಟಿದೆ. ಇಪ್ಪತ್ತು ವರ್ಷದಿಂದ ಬೆಂಗಳೂರಿನ ಒಂದು ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ನುಡಿಸುತ್ತಾನೆ.

ಆ ಇಪ್ಪತ್ತು ವರ್ಷದಲ್ಲಿ ನಾನು ಅವನ ಒಂದೇ ಒಂದು ಪ್ರೋಗ್ರಾಂ ನೋಡಿರಲಿಲ್ಲ. ಪ್ರತಿ ನವೆಂಬರಿಗೆ ಅವನು ಕರೆಯುವುದು, ಪ್ರತಿ ನವೆಂಬರಿಗೆ ನನಗೆ ಆಫೀಸಿನ ಕೆಲಸ ಇರುವುದು. ಈ ಸಲ ಫೋನ್ ಮಾಡಿದವನು ಕರೆಯಲೇ ಇಲ್ಲ. ಮಗಳ ಸ್ಕೂಲು, ಗ್ಯಾಸ್ ಸಿಲಿಂಡರು ಅಂತ ಏನೇನೋ ಮಾತಾಡಿ ಇಟ್ಟುಬಿಟ್ಟ. ಅದೇ ಚುಚ್ಚಿತು. ನಾನೇ ಮತ್ತೆ ಫೋನ್ ಹಚ್ಚಿ, "ಈ ಶನಿವಾರ ಎಲ್ಲಿರ್ತೀಯೋ?" ಅಂದೆ.

"ಶನಿವಾರ ಹರಿಹರದ ಹತ್ತಿರ. ಭಾನುವಾರ ಬ್ಯಾಡಗಿ ಹತ್ತಿರ. ಯಾಕೆ?"

"ಬರ್ತೀನಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಟಿಟಿಯಲ್ಲಿ ಒಂದು ಸೀಟಿದೆ. ಆದ್ರೆ ಕಾಲಿಡೋಕೆ ಜಾಗ ಇಲ್ಲ" ಅಂದ. ಸೋಮವಾರಕ್ಕೆ ರಜಾ ಹಾಕಿದೆ.

ಶನಿವಾರ

ಬೆಳಗ್ಗೆ ಐದಕ್ಕೆ ಗೊರಗುಂಟೆಪಾಳ್ಯದಲ್ಲಿ ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಹತ್ತಿದೆ. ಸಣ್ಣಗೆ ಸೈಕ್ಲೋನ್ ಮಳೆ. ಒಳಗೆ ಒಂಬತ್ತು ಜನ, ಎಲ್ಲರ ಕುತ್ತಿಗೆಗೂ ಮಫ್ಲರ್. ಕಾಲಿಡುವ ಜಾಗದಲ್ಲಿ ನಿಜವಾಗಿಯೂ ಮಿಕ್ಸರಿನ ಪೆಟ್ಟಿಗೆ ಇತ್ತು. ದೊಡ್ಡ ಸ್ಪೀಕರುಗಳನ್ನು ಆಯಾ ಊರಿನವರೇ ಇಡಿಸುತ್ತಾರಂತೆ. ಇವರು ಒಯ್ಯುವುದು ಮೈಕು, ಮಿಕ್ಸರು, ವಾದ್ಯಗಳು, ಎರಡು ಮಾನಿಟರು, ಒಂದು ಚೀಲದ ತುಂಬ ವೈರು. ಆ ವೈರಿನ ಚೀಲವೇ ಎರಡು ದಿನ ನನ್ನ ದಿಂಬಾಯಿತು.

ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಅನ್ನುವುದು ಕ್ಯಾಲೆಂಡರಿನ ಮಾತು. ಊರೂರಲ್ಲಿ ಅದು ತಿಂಗಳಿಡೀ ನಡೆಯುತ್ತದೆ. ಗಣಪತಿ ಹಬ್ಬ ಬಿಟ್ಟರೆ ಆರ್ಕೆಸ್ಟ್ರಾದವರಿಗೆ ಇದೇ ಸುಗ್ಗಿ. ಆಷಾಢದಲ್ಲಿ ಡಬ್ಬ ಮಿಕ್ಸಿ ರಿಪೇರಿ ಮಾಡುತ್ತಾನೆ. ಹಿರಿಯ ಗಾಯಕರೊಬ್ಬರಿದ್ದಾರೆ, ಅಣ್ಣಾವ್ರ ಹಾಡುಗಳು ಪೂರ್ತಿ ಅವರ ಪಾಲು, ಎಲ್ಲರೂ ಅವರನ್ನು ದೊಡ್ಡಣ್ಣ ಅನ್ನುತ್ತಾರೆ. ಅವರು ದಾರಿಯುದ್ದಕ್ಕೂ ಬಾಯೇ ಬಿಡಲಿಲ್ಲ. ಸಿಟ್ಟೇನೋ ಅಂದುಕೊಂಡೆ. ಗಂಟಲು ಉಳಿಸುತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಕಾಫಿ ಬೇಕಾದರೂ ಕೈಸನ್ನೆ.

ಆರೂವರೆಗೆ ಕ್ಯಾತ್ಸಂದ್ರ. ತುಮಕೂರಿನವರಾದ ನಾವಿಬ್ಬರೂ ಇಲ್ಲಿ ಸ್ವಲ್ಪ ಎದೆ ಉಬ್ಬಿಸಿದೆವು. ತಟ್ಟೆ ಇಡ್ಲಿ ಈಗ ಬೆಂಗಳೂರಿನ ಮೂಲೆ ಮೂಲೆಯಲ್ಲೂ ಸಿಗುತ್ತದೆ, ಆದರೆ ಇಲ್ಲಿ ಬೆಳಗ್ಗೆ ಎಂಟರ ಒಳಗೆ ತಿನ್ನಬೇಕು. ಆಮೇಲೆ ಹೈವೇ ಜನವೆಲ್ಲ ಬಂದು, ಇಡ್ಲಿ ಬೇಯುವುದಕ್ಕಿಂತ ಬೇಗ ಖಾಲಿಯಾಗುತ್ತದೆ, ಅರ್ಧ ಬೆಂದದ್ದೂ ಎಲೆಗೆ ಬೀಳುತ್ತದೆ. ನಮ್ಮದು ಸರಿಯಾದ ಹೊತ್ತು. ಮೇಲಿಟ್ಟ ಬೆಣ್ಣೆ ಕರಗಿ ಅಂಚಿಗೆ ಹರಿಯುವ ಮೊದಲೇ ಇಡ್ಲಿ ಮುಗಿದಿತ್ತು. ಕೀಬೋರ್ಡ್ ನುಡಿಸುವ ಕಾಲೇಜು ಹುಡುಗ ನಾಲ್ಕು ತಿಂದ. ಅವನನ್ನು ದೊಡ್ಡಣ್ಣ ಕಣ್ಣಲ್ಲೇ ಗದರಿದರು.

ಶಿರಾ ದಾಟಿದ ಮೇಲೆ ಮಳೆ ನಿಂತಿತು. ರಸ್ತೆ ಪಕ್ಕದ ಬಣ್ಣ ಹಸಿರಿನಿಂದ ಕಂದಿಗೆ ತಿರುಗಿತು. ಡ್ರೈವರ್ ಹಿರಿಯೂರಿನವರು. ಅವರ ಊರು ಹತ್ತಿರ ಬಂದ ಹಾಗೆ ಮಾತು ಜಾಸ್ತಿಯಾಯಿತು. ಅವರಿಗೆ ಹೇಳಬೇಕಾದದ್ದು ಒಂದೇ ವಿಷಯ: ಮಾರಿಕಣಿವೆ ಕೋಡಿ ಬಿದ್ದದ್ದು. ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಮೊದಲ ಸಲ ತುಂಬಿ ಹರಿದದ್ದು 1933ರಲ್ಲಿ. ಮತ್ತೆ ತುಂಬಿದ್ದು 2022ಕ್ಕೆ, ಎಂಬತ್ತೊಂಬತ್ತು ವರ್ಷದ ಮೇಲೆ. "ನಮ್ಮ ತಾತ ಮೊದಲನೇದು ನೋಡಿದ್ರು, ನಾನು ಎರಡನೇದು ನೋಡಿದೆ. ನಮ್ಮಪ್ಪನಿಗೆ ಮಾತ್ರ ಸಿಗಲಿಲ್ಲ ಸಾರ್" ಅಂದರು. ಆ ಮಾತಿಗೆ ಏನು ಹೇಳುವುದು ಅಂತ ಹೊಳೆಯಲಿಲ್ಲ. ಗೇರು ಬದಲಾಯಿಸಿ ಅವರೂ ಸುಮ್ಮನಾದರು.

ಚಿತ್ರದುರ್ಗದ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು. ಡಬ್ಬ ಲೋಟ ಹಿಡಿದುಕೊಂಡು ಅವುಗಳನ್ನೇ ನೋಡುತ್ತಿದ್ದ. "ಮೂರೂ ಬೇರೆ ಬೇರೆ ಲಯದಲ್ಲಿ ತಿರುಗ್ತಿವೆ ನೋಡು. ಯಾವಾಗಲೋ ಒಂದ್ಸಲ ಸೇರ್ತವೆ" ಅಂದ. ನಾನು ಐದು ನಿಮಿಷ ನೋಡಿದೆ. ಸೇರಲಿಲ್ಲ. ಚಹಾ ಮಾತ್ರ ಆರಿತು. ಕೋಟೆಯನ್ನು ದೂರದಿಂದಲೇ ನೋಡಿ ಮುಂದೆ ಹೋದೆವು. ಏಳು ಸುತ್ತು ಹತ್ತಿ ಇಳಿಯಲು ಅರ್ಧ ದಿನ ಬೇಕು, ಪ್ರೋಗ್ರಾಂ ಇರುವ ದಿನ ಅದೆಲ್ಲ ಆಗುವ ಮಾತಲ್ಲ.

ದಾವಣಗೆರೆಗೆ ಹೊರಗಿನ ಬೈಪಾಸಿನಲ್ಲೇ ಹೋಗಬಹುದಿತ್ತು. ಆದರೆ ದಾವಣಗೆರೆ ಮುಟ್ಟಿ ಬೆಣ್ಣೆ ದೋಸೆ ತಿನ್ನದೆ ಹೋದರೆ ಪಾಪ ಸುತ್ತಿಕೊಳ್ಳುತ್ತದೆ ಅಂತ ಮಿಮಿಕ್ರಿ ಮಾಡುವವರ ನಂಬಿಕೆ. ಅವರೇ ಸೌಂಡ್ ನೋಡಿಕೊಳ್ಳುವವರು ಕೂಡ. ಬೆಳಗ್ಗೆಯೇ ಹೋಗಬೇಕು, ಹನ್ನೊಂದರ ಮೇಲೆ ಹೋದರೆ ಒಳ್ಳೆಯ ಅಂಗಡಿಗಳಲ್ಲಿ ನಿಂತುಕೊಂಡೇ ಕಾಯಬೇಕು. ನಾವು ಹೋದದ್ದು ಹನ್ನೊಂದೂಮುಕ್ಕಾಲಿಗೆ. ಕಾದೆವು.

ಕಾಯುವುದು ನಷ್ಟವಲ್ಲ, ಯಾಕೆಂದರೆ ಒಲೆ ಕಾಣುತ್ತಿತ್ತು. ಸೌದೆ ಒಲೆ, ಕರ್ರಗಿನ ದೊಡ್ಡ ಕಾವಲಿ, ಅದರ ಮೇಲೆ ಒಂದೇ ಸಲಕ್ಕೆ ಸಾಲಾಗಿ ದೋಸೆ. ಬೆಣ್ಣೆ ಎಷ್ಟು ಹಾಕುತ್ತಾರೆ ಅಂತ ನೋಡಬಾರದು, ನೋಡಿದರೆ ತಿನ್ನಲು ಧೈರ್ಯ ಬರುವುದಿಲ್ಲ. ಬೆಂಗಳೂರಿನಲ್ಲಿ ಈ ಹೆಸರಲ್ಲಿ ಕೊಡುವುದು ಬೇರೆಯೇ ತಿಂಡಿ. ಇಲ್ಲಿಯದು ಸಣ್ಣದು, ಅಂಚು ಗರಿಗರಿ, ನಡುವೆ ಹತ್ತಿ. ಪಕ್ಕದಲ್ಲಿ ಒಗ್ಗರಣೆಯ ಆಡಂಬರವಿಲ್ಲದ ಬೆಳ್ಳನೆಯ ಆಲೂಗಡ್ಡೆ ಪಲ್ಯ, ಹಸಿಮೆಣಸಿನಕಾಯಿಯ ತೆಳ್ಳನೆ ಚಟ್ನಿ. ಸಾಂಬಾರ್ ಕೇಳಿದರೆ ನಿಮ್ಮ ಕಡೆ ಒಂದು ನೋಟ ಬರುತ್ತದೆ. ನನಗೆ ಬಂತು.

ಮೇಜು ಹಂಚಿಕೊಂಡಿದ್ದ ಹಿರಿಯರೊಬ್ಬರು ನಮ್ಮ ಸಾಮಾನು ನೋಡಿ, "ನಾಟಕದೋರೇನ್ರಿ?" ಅಂದರು. ಆರ್ಕೆಸ್ಟ್ರಾ ಅಂದೆವು. "ಎರಡೂ ಒಂದೇ ಬಿಡ್ರಿ. ಈ ದೋಸೆ ಇಲ್ಲಿ ಹುಟ್ಟಿದ್ದೇ ನಾಟಕದಿಂದ" ಅಂತ ಶುರು ಮಾಡಿದರು. ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನುವ ಹೆಣ್ಣುಮಗಳು ಇಲ್ಲಿ ನಾಟಕದ ಥಿಯೇಟರ್ ಹತ್ತಿರ ದೋಸೆ ಹಾಕಲು ಕೂತಳಂತೆ. ಮೊದಲು ರಾಗಿ ದೋಸೆ, ಆಮೇಲೆ ಮಕ್ಕಳ ಕಾಲಕ್ಕೆ ಅಕ್ಕಿ ಬಂತು, ಬೆಣ್ಣೆ ಬಂತು. ಹತ್ತಿ ಮಿಲ್ಲುಗಳು ಜೋರಾಗಿದ್ದ ಊರು ಇದು. ಶಿಫ್ಟು ಮುಗಿಸಿದವರು, ನಾಟಕ ಬಿಟ್ಟು ಬಂದವರು, ಎಲ್ಲರಿಗೂ ಹೊಟ್ಟೆ. "ಮಿಲ್ ಹೋದವು, ನಾಟಕ ಹೋದವು. ದೋಸೆ ಉಳೀತು" ಅಂದು ಎದ್ದು ಕೈ ತೊಳೆಯಲು ಹೋದರು.

ಹರಿಹರದ ಕಡೆ ಸರ್ವೀಸ್ ರಸ್ತೆಗೆ ಇಳಿದ ಮೇಲೆ ಅರ್ಧ ರಸ್ತೆ ಮೆಕ್ಕೆಜೋಳದ ಪಾಲು. ಈ ಕಾಲಕ್ಕೆ ಇಲ್ಲಿ ಡಾಂಬರೇ ಕಣ. ಕಿಲೋಮೀಟರುಗಟ್ಟಲೆ ಹಳದಿ ಕಾಳು ಹರಡಿದೆ, ಅಂಚಿಗೆ ಕಲ್ಲು ಇಟ್ಟಿದ್ದಾರೆ. ರಾತ್ರಿ ಬೈಕಿನಲ್ಲಿ ಬರುವವರು ಆ ಕಲ್ಲುಗಳನ್ನು ನೆನಪಿಟ್ಟುಕೊಳ್ಳಬೇಕು. ಇನ್ನೇನು ಊರು ಬಂತು ಅನ್ನುವಷ್ಟರಲ್ಲಿ ಎರಡು ಹನಿ ಬಿತ್ತು ನೋಡಿ, ಎಲ್ಲಿದ್ದರೋ ಜನ, ಟಾರ್ಪಾಲು ಹಿಡಿದು ಓಡಿ ಬಂದರು. ನಮ್ಮ ಟಿಟಿ ನಿಂತಿತು. ಡಬ್ಬ, ಮಿಮಿಕ್ರಿಯವರು, ನಾನು ಇಳಿದು ಟಾರ್ಪಾಲಿನ ಒಂದು ತುದಿ ಹಿಡಿದೆವು. ಮಳೆ ಬರಲಿಲ್ಲ. ಮತ್ತೆ ಎಲ್ಲ ತೆಗೆದರು. ಒಬ್ಬ ಹೆಂಗಸು ನಗುತ್ತ, "ದಿನಾ ಹಿಂಗೇ ಆಟ ಆಡ್ಸುತ್ತೆ" ಅಂದರು.

ಊರಿನ ಹೆಸರು ಬೇಡ. ಬಸ್ ಸ್ಟ್ಯಾಂಡ್ ಎದುರಿನ ಬಯಲಲ್ಲಿ ವೇದಿಕೆ, ಹಳದಿ ಕೆಂಪು ಪರಪರಿ, ಭುವನೇಶ್ವರಿಯ ದೊಡ್ಡ ಫ್ಲೆಕ್ಸು. ಅದಕ್ಕಿಂತ ದೊಡ್ಡದಾಗಿ ಊರಿನ ಮುಖಂಡರ ಫ್ಲೆಕ್ಸು. ಸೌಂಡ್ ಚೆಕ್ ಅನ್ನುವುದು ನೋಡಲು ಬಲು ಬೇಜಾರಿನ ಕೆಲಸ. ಎರಡು ಗಂಟೆ "ಹಲೋ, ಚೆಕ್, ಒನ್ ಟೂ". ಅರ್ಥಿಂಗ್ ಸರಿ ಇಲ್ಲದೆ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತಿತ್ತು. ನೆಲಕ್ಕೆ ಒಂದು ಸಲಾಕೆ ಹೊಡೆದು, ಅದರ ಬುಡಕ್ಕೆ ಒಂದು ಕೊಡ ನೀರು ಸುರಿದ ಮೇಲೆ ನಿಂತಿತು.

ನನಗೆ ಕೆಲಸ ಕೊಟ್ಟರು. ಚೀಟಿ ಕೆಲಸ.

ಆರ್ಕೆಸ್ಟ್ರಾ ನೋಡಿದವರಿಗೆ ಗೊತ್ತು. ಹಾಡು ಬೇಕಾದವರು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುತ್ತಾರೆ. ಅದನ್ನು ಓದಿ, ಬೇಕಾದದ್ದು ಆರಿಸಿ, ಆಂಕರ್ ಕೈಗೆ ಕೊಡುವುದು ಯಾರಾದರೂ ಮಾಡಲೇಬೇಕು. ಒಂದು ಗಂಟೆಯಲ್ಲಿ ನನ್ನ ಮಡಿಲಲ್ಲಿ ಐವತ್ತು ಚೀಟಿ. ಅದರಲ್ಲಿ ಹಾಡು ಕೇಳಿದ್ದು ಅರ್ಧ. ಉಳಿದದ್ದು ಹೀಗೆ: "ನಮ್ಮ ಎರಡನೇ ಮಗಳ ಹುಟ್ಟುಹಬ್ಬ, ಮೈಕಲ್ಲಿ ಹೇಳಿ." "ಮುಂದೆ ನಿಂತವರು ಕೂತ್ಕೊಳ್ಳಲಿ." "ಬ್ಯಾಂಕಿನ ಗೇಟಿಗೆ ಅಡ್ಡ ನಿಲ್ಲಿಸಿದ ಬೈಕು ತೆಗೀರಿ." ಒಂದರಲ್ಲಿ ಬರೀ ಒಂದು ಹೆಸರು, ಅದರ ಸುತ್ತ ಹೃದಯ. ಅದನ್ನು ಓದಿಸದೆ ಇಟ್ಟುಕೊಂಡೆ, ಊರಲ್ಲಿ ಜಗಳ ಆಗುವುದು ಬೇಡ ಅಂತ.

ದೊಡ್ಡಣ್ಣ ಬೆಳಗ್ಗೆಯಿಂದ ಉಳಿಸಿದ್ದ ಗಂಟಲನ್ನು ಆ ರಾತ್ರಿ ಪೂರ್ತಿ ಖರ್ಚು ಮಾಡಿದರು. ಜನ ಎದ್ದು ಕುಣಿದರು. ನಾನು ಪಕ್ಕದ ಪರದೆಯ ಹಿಂದಿನಿಂದ ಡಬ್ಬನನ್ನು ನೋಡುತ್ತಿದ್ದೆ. ವೇದಿಕೆಯ ಹಿಂದಿನ ಮೂಲೆ, ಲೈಟು ಬೀಳದ ಜಾಗ. ಎದುರಿಗೆ ಎಂಟೊಂಬತ್ತು ರಬ್ಬರ್ ಚೌಕಗಳ ಚಪ್ಪಟೆ ಪೆಟ್ಟಿಗೆ. ಒಂದನ್ನು ಮುಟ್ಟಿದರೆ ತಬಲ, ಇನ್ನೊಂದು ಮುಟ್ಟಿದರೆ ತಮಟೆ. ಕಣ್ಣು ಮಾತ್ರ ಪ್ಯಾಡಿನ ಮೇಲಿಲ್ಲ, ಹಾಡುವವರ ಬೆನ್ನಿನ ಮೇಲೆ. ಚಿಕ್ಕ ವಯಸ್ಸಿನ ಗಾಯಕಿ ಎರಡನೇ ಚರಣಕ್ಕೆ ಅರ್ಧ ಸಾಲು ಮುಂಚೆಯೇ ಹಾರಿಬಿಟ್ಟಳು. ನನಗೆ ಎದೆ ಧಸಕ್ ಅಂತು. ಡಬ್ಬ ಒಂದು ಏಟು ನುಂಗಿ ಅವಳನ್ನು ಹಿಡಿದ. ಕೀಬೋರ್ಡಿನ ಹುಡುಗ ಡಬ್ಬನನ್ನು ಹಿಡಿದ. ಕೆಳಗೆ ಕುಣಿಯುವವರ ಹೆಜ್ಜೆ ಕೂಡ ತಪ್ಪಲಿಲ್ಲ.

ರಾತ್ರಿ ಲಾಡ್ಜಿನಲ್ಲಿ ಅದನ್ನೇ ಹೇಳಿದೆ. "ಅಲ್ವೋ, ನೀನೇ ಉಳಿಸಿದ್ದು. ಒಬ್ಬರಾದ್ರೂ ನಿನ್ನ ಕಡೆ ನೋಡಲಿಲ್ಲ."

"ನನ್ನ ಕಡೆ ಯಾರಾದ್ರೂ ನೋಡಿದ್ರೆ ಎಲ್ಲೋ ತಪ್ಪಿದೀನಿ ಅಂತ ಅರ್ಥ" ಅಂದ. ಆಮೇಲೆ ಮಗ್ಗಲು ಬದಲಿಸಿ, "ಈಗೀಗ ಲ್ಯಾಪ್‌ಟಾಪಲ್ಲಿ ಟ್ರ್ಯಾಕ್ ಹಾಕಿ ಹಾಡಿಸ್ತಾರೆ. ಮೂರು ಜನ ಸಾಕು, ಕಾರಲ್ಲೇ ಹೋಗಿ ಬರಬಹುದು. ಟ್ರ್ಯಾಕು ಯಾರಿಗೂ ಕಾಯಲ್ಲ, ಅದೊಂದೇ ನಮ್ಮನ್ನ ಉಳಿಸಿರೋದು" ಅಂದು ಗೊರಕೆ ಶುರು ಮಾಡಿದ. ಅದೂ ತಾಳಕ್ಕೆ ಸರಿಯಾಗಿತ್ತು.

ಭಾನುವಾರ

ಆರ್ಕೆಸ್ಟ್ರಾದವರು ಹತ್ತಕ್ಕೆ ಮುಂಚೆ ಏಳುವುದಿಲ್ಲ. ಡಬ್ಬನನ್ನು ಮಾತ್ರ ಎಬ್ಬಿಸಿಕೊಂಡು ಆಟೋದಲ್ಲಿ ಹರಿಹರೇಶ್ವರ ದೇವಸ್ಥಾನಕ್ಕೆ ಹೋದೆ. ಹಳೇ ಊರಿನ ಒಳಗೆ, ಹೊಳೆಗೆ ಹತ್ತಿರ. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ ಪೋಲಾಳ್ವ ಅನ್ನುವ ದಂಡನಾಯಕ ಕಟ್ಟಿಸಿದ್ದು. ಮಂಟಪದ ಕಂಬಗಳು ಕಡೆದು ನಿಲ್ಲಿಸಿದ ಹಾಗೆ ನುಣುಪು, ಬೆಳಗಿನ ಚಳಿಗೆ ಒರಗಿದರೆ ಬೆನ್ನು ಜುಂ ಅನ್ನುತ್ತದೆ. ಒಳಗೆ ನಿಂತಿರುವ ಮೂರ್ತಿ ಬಲಗಡೆ ಶಿವ, ಎಡಗಡೆ ವಿಷ್ಣು. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ವರ ಸಿಕ್ಕಿತ್ತು, ಅದಕ್ಕೇ ಇಬ್ಬರೂ ಒಂದಾಗಿ ಬಂದರು ಅನ್ನುವುದು ಕತೆ.

ಹೂ ಮಾರುವ ಅಮ್ಮನ ಹತ್ತಿರ ಎರಡು ಮೊಳ ಸೇವಂತಿಗೆ ತೆಗೆದುಕೊಂಡು ಹೊಳೆಗೆ ದಾರಿ ಕೇಳಿದೆ. ತುಂಗಭದ್ರೆ ನೋಡಬೇಕೋ, ದಾಟಬೇಕೋ ಅಂತ ಕೇಳಿದರು. ಮಧ್ಯಾಹ್ನ ಬ್ಯಾಡಗಿ ಕಡೆ ಅಂದೆ. "ನನ್ನ ತವರು ಅದೇ ಕಡೆ. ನಮ್ಮತ್ತೆ ಇರೋ ತನಕ ನನ್ನ ಹೊಳೆ ಆಚಿನೋಳು ಅಂತಿದ್ರು. ಹೊಳೆ ದಾಟಿದ್ರೆ ಬೊಂಬಾಯಿ ಸರ್ಕಾರ ಅಂತಿದ್ರು."

ಅದು ಬರೀ ಅತ್ತೆಯ ಮಾತಲ್ಲ. 1956ರ ನವೆಂಬರ್ ಒಂದರ ತನಕ ಹರಿಹರ ಮೈಸೂರು ರಾಜ್ಯ, ಆ ಕಡೆಯ ರಾಣೇಬೆನ್ನೂರು ಧಾರವಾಡ ಜಿಲ್ಲೆಗೆ ಸೇರಿ ಬೊಂಬಾಯಿ ಪಾಲು. ನಡುವೆ ಈ ಹೊಳೆ. ಆಮೇಲೂ 1973ರ ತನಕ ಹೆಸರು ಮೈಸೂರೇ. ಇದೆಲ್ಲ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇ. ಆದರೆ ನಾನು ಶನಿವಾರ ರಾತ್ರಿ ಈ ದಡದಲ್ಲಿ ಚೀಟಿ ಓದಿ, ಭಾನುವಾರ ಆ ದಡದಲ್ಲಿ ಚೀಟಿ ಓದಲು ಹೊರಟಿದ್ದೆ, ಎರಡೂ ಕಡೆ ಅದೇ ಹಳದಿ ಕೆಂಪು ಪರಪರಿ. ಸೇತುವೆ ದಾಟಲು ಒಂದು ನಿಮಿಷವೂ ಹಿಡಿಯಲಿಲ್ಲ. ಕೀಬೋರ್ಡ್ ಹುಡುಗ ಫೋನ್ ನೋಡುತ್ತಿದ್ದ.

ಆ ಕಡೆ ಹೋದ ಮೇಲೆ ಮಾತು ಬೇರೆ. ರಾಣೇಬೆನ್ನೂರಿನಲ್ಲಿ ಮೆಡಿಕಲ್ ಶಾಪಿನಲ್ಲಿ ದೊಡ್ಡಣ್ಣನಿಗೆ ಗಂಟಲಿನ ಮಾತ್ರೆ ಕೇಳಿದರೆ, "ಹಾಡಾಕ ಬಂದೀರೇನ್ರಿ? ಹಂಗಾರ ಇದು ಬ್ಯಾಡ, ಜೇಷ್ಠಮದ್ದು ಬಾಯಾಗ ಇಟ್ಕೊರಿ" ಅಂತ ಮಾತ್ರೆ ಮಾರದೆ ಕಳಿಸಿದರು. ಅಂಗಡಿಯವರು ಹಾಗೆ ಹೇಳುವುದನ್ನು ಬೆಂಗಳೂರಿನಲ್ಲಿ ನಾನು ಕೇಳಿಲ್ಲ.

ಬ್ಯಾಡಗಿ ಹತ್ತಿರ ಬಂದ ಹಾಗೆ ಹಾಡುವವರೆಲ್ಲ ಕಿಟಕಿ ಮುಚ್ಚಿ ಮೂಗಿಗೆ ಕರ್ಚೀಫ್ ಹಿಡಿದರು. ಭಾನುವಾರ ಮಾರ್ಕೆಟ್ ಇಲ್ಲ, ಹೊಸ ಮೆಣಸಿನಕಾಯಿ ರಾಶಿ ಬೀಳುವ ಕಾಲವೂ ಅಲ್ಲ. ಅದು ಇನ್ನೂ ಹೊಲದಲ್ಲಿ, ಗಿಡದಲ್ಲಿ, ಅರ್ಧ ಹಸಿರು ಅರ್ಧ ಕೆಂಪು. ಆದರೂ ಊರಿನ ಗಾಳಿಯಲ್ಲಿ ಒಂದು ಘಾಟು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಸಿಪ್ಪೆ ಸುಕ್ಕು. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಪಟ್ಟ ಸಿಕ್ಕಿದೆ. ಖಾರ ಕಡಿಮೆ ಅನ್ನುವುದು ನಾಲಿಗೆಗೆ ಮಾತ್ರ, ಮೂಗಿಗಲ್ಲ. ಹಿಂದೊಮ್ಮೆ ಇಲ್ಲೇ ಸುಗ್ಗಿ ಕಾಲದಲ್ಲಿ ಪ್ರೋಗ್ರಾಂ ಕೊಟ್ಟಾಗ ಡ್ಯುಯೆಟ್ ನಡುವೆ ಇಬ್ಬರೂ ಒಟ್ಟಿಗೆ ಸೀನಿದ್ದನ್ನು ಮಿಮಿಕ್ರಿಯವರು ಮಾಡಿ ತೋರಿಸಿದರು.

ಪ್ರೋಗ್ರಾಂ ಇದ್ದದ್ದು ಅಲ್ಲಿಂದ ಒಳಗೆ ಒಂದು ಹಳ್ಳಿಯಲ್ಲಿ. ಈ ಊರಿನ ಹೆಸರೂ ಬೇಡ, ನಾನು ಮಾಡಿದ ಕೆಲಸಕ್ಕೆ. ಶಾಲೆಯ ಬಯಲು, ಟ್ರ್ಯಾಕ್ಟರ್ ಟ್ರೇಲರ್ ಜೋಡಿಸಿ ಮಾಡಿದ ವೇದಿಕೆ. ಮುಂದಿನ ಸಾಲಿನಲ್ಲಿ ಬಿಳಿ ರುಮಾಲು ಸುತ್ತಿದ ಹಿರಿಯರು. ಪಕ್ಕದ ಕಾಗಿನೆಲೆ ಕನಕದಾಸರ ಊರು, ಕನಕ ಜಯಂತಿ ಹತ್ತಿರ ಬಂದಿತ್ತು, ಹಾಗಾಗಿ ಬಾವುಟದ ಜೊತೆ ಕನಕರ ಪಟವೂ ಇತ್ತು. ಚಳಿ ಕಡಿಮೆ ಅಂದುಕೊಂಡು ಸ್ವೆಟರ್ ಟಿಟಿಯಲ್ಲೇ ಬಿಟ್ಟಿದ್ದೆ. ಬಯಲು ಸೀಮೆಯ ನವೆಂಬರ್ ರಾತ್ರಿಯನ್ನು ಹಾಗೆಲ್ಲ ನಂಬಬಾರದು, ಒಂಬತ್ತಕ್ಕೆ ಕೈ ಮರಗಟ್ಟಿತು.

ಇಲ್ಲಿ ಚೀಟಿಗಳ ಗತ್ತೇ ಬೇರೆ. ನೋಟಿನ ಜೊತೆ ಬರುತ್ತಿದ್ದವು. ಐದುನೂರು, ಸಾವಿರದ ಒಂದು, ಜೊತೆಗೆ ಕೊಟ್ಟವರ ಹೆಸರು, ಹೆಸರಿಗೆ ಮುಂಚೆ "ಶ್ರೀಮಾನ್". ನೋಟು ಆಯೋಜಕರ ಹುಡುಗನಿಗೆ, ಚೀಟಿ ನನಗೆ. ನಡುವೆ ಯಾರೋ ಪುಣ್ಯಾತ್ಮರು ಪೇಪರಿನಲ್ಲಿ ಗಿರ್ಮಿಟ್ ತಂದು ಕೊಟ್ಟರು. ಜೊತೆಗೆ ಬಿಸಿ ಮಿರ್ಚಿ. ಮಂಡಕ್ಕಿಗೆ ಹುಣಸೆ, ಈರುಳ್ಳಿ, ಪುಟಾಣಿ ಹಿಟ್ಟು ಎಲ್ಲ ಹದವಾಗಿ ಕೂಡಿತ್ತು. ಆ ಚಳಿಯಲ್ಲಿ ಅದು ಸ್ವರ್ಗ. ತಿಂದೆ, ಮಡಿಲಲ್ಲಿದ್ದ ಒಂದು ಕಾಗದ ತೆಗೆದು ಕೈ ಒರೆಸಿಕೊಂಡೆ, ಉಂಡೆ ಮಾಡಿ ಬಿಸಾಕಿದೆ.

ಒಂಬತ್ತೂವರೆಗೆ ಆಯೋಜಕರು ಗಾಬರಿಯಲ್ಲಿ ಬಂದರು. "ಯಾರ್ರೀ ಚೀಟಿ ಇಟ್ಕೊಂಡಾರ? ಅಜ್ಜಾರ ಚೀಟಿ ಓದೇ ಇಲ್ಲಂತ. ಪೆಂಡಾಲಿಂದೆಲ್ಲಾ ಖರ್ಚು ಅವರೇ ಕೊಟ್ಟಾರ. ಎದ್ದು ಹೊಂಟಾರ ನೋಡ್ರಿ."

ಮಡಿಲು ಪೂರ್ತಿ ಹುಡುಕಿದೆ. ಆಮೇಲೆ ಕುರ್ಚಿಯ ಕೆಳಗಿನ ಉಂಡೆ ಕಣ್ಣಿಗೆ ಬಿತ್ತು. ಬಿಚ್ಚಿದೆ. ನೀಲಿ ಇಂಕು, ಎಣ್ಣೆ, ಹುಣಸೆ ರಸ ಮೂರೂ ಸೇರಿ ಒಂದಕ್ಷರ ಗೊತ್ತಾಗುವಂತಿರಲಿಲ್ಲ. ಆಂಕರ್ ಒಬ್ಬಳೇ ಬುದ್ಧಿವಂತೆ. ನನ್ನ ಮುಖ ನೋಡಿದಳು, ಉಂಡೆ ನೋಡಿದಳು, ಸೀದಾ ಮೈಕಿಗೆ ಹೋಗಿ, "ಈಗ ನಮ್ಮ ಹಿರಿಯರಾದ ಅಜ್ಜನವರು ವೇದಿಕೆಗೆ ಬಂದು ಎರಡು ಮಾತು ಆಡಬೇಕು" ಅಂದುಬಿಟ್ಟಳು. ಡಬ್ಬ ಒಂದು ಉರುಳಿಕೆ ಕೊಟ್ಟ. ಚಪ್ಪಾಳೆ.

ಅಜ್ಜ ನಿಧಾನಕ್ಕೆ ಹತ್ತಿದರು. ಮೈಕು ಹಿಡಿದು, ಬಾಯಿಂದ ಸ್ವಲ್ಪ ದೂರ ಇಟ್ಟುಕೊಂಡರು. ರೂಢಿ ಇದ್ದವರ ಹಾಗೆ.

"ನಾ ಏನು ಭಾಷಣ ಮಾಡಾಕ ಬಂದಿಲ್ಲ. ಹಾಡೂ ಕೇಳಿಲ್ಲ. ನನ್ನ ಹೆಸರು ಹೇಳ್ರೀ ಅಂತಾನೂ ಬರದಿಲ್ಲ. ಅಲ್ಲಿ ಮೂಲ್ಯಾಗ ಕುಂತು ಬಡಿಯಾಕತ್ಯಾನಲ್ಲ, ಅವನ ಹೆಸರೇನು ಅಂತ ಬರದಿದ್ದೆ. ಅದೊಂದು ಹೇಳ್ರಿ. ನಾ ಇಳೀತೀನಿ."

ಎಲ್ಲರೂ ತಿರುಗಿ ಡಬ್ಬನ ಕಡೆ ನೋಡಿದರು. ಲೈಟಿನ ಹುಡುಗ ಕೂಡ ಲೈಟು ತಿರುಗಿಸಿದ. ಡಬ್ಬನ ಮುಖದಲ್ಲಿ ಖುಷಿ ಕಾಣಲಿಲ್ಲ, ಹೆದರಿಕೆ ಕಂಡಿತು. ನನ್ನ ಕಡೆ ಬಗ್ಗಿ, "ಎಲ್ಲಿ ತಪ್ಪಿದೆ ಮಗಾ?" ಅಂತ ಕೇಳಿದ.

ಆಂಕರ್ ಅವನ ಹೆಸರು ಹೇಳಿದಳು, ಅಪ್ಪ ಅಮ್ಮ ಇಟ್ಟ ಹೆಸರು. ಹೈಸ್ಕೂಲಿನ ಹಾಜರಿ ಬಿಟ್ಟರೆ ಅದನ್ನು ಅಷ್ಟು ಜೋರಾಗಿ ಕರೆದದ್ದನ್ನು ನಾನು ಕೇಳಿದ್ದು ಅವತ್ತೇ. ಇಪ್ಪತ್ತು ವರ್ಷದಲ್ಲಿ ಅವನ ಬಗ್ಗೆ ಬಂದ ಮೊದಲ ಚೀಟಿ ಅದು ಅಂತ ಆಮೇಲೆ ಮಿಮಿಕ್ರಿಯವರು ಹೇಳಿದರು. ಅದರಲ್ಲಿ ನಾನು ಕೈ ಒರೆಸಿಕೊಂಡಿದ್ದೆ.

ಹತ್ತಕ್ಕೆ ಸರಿಯಾಗಿ ಪೊಲೀಸರು ಬಂದರು. ಹತ್ತರಿಂದ ಬೆಳಗ್ಗೆ ಆರರ ತನಕ ಧ್ವನಿವರ್ಧಕ ಇಡುವಂತಿಲ್ಲ, 2000ದ ನಿಯಮ. ಪೊಲೀಸರೂ ಪಾಪ, ಒಂದು ಹಾಡು ಮುಗಿಯುವ ತನಕ ಗಡಿಯಾರ ನೋಡದೆ ನಿಂತಿದ್ದರು.

ಊಟ ಅಜ್ಜನ ಮನೆಯಲ್ಲೇ. ಹಿತ್ತಲಲ್ಲಿ ಹೆಣ್ಣುಮಕ್ಕಳು ಆ ಹೊತ್ತಿನಲ್ಲೂ ರೊಟ್ಟಿ ಬಡಿಯುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಡಬ್ಬ ರೊಟ್ಟಿ ಬಡಿಯುವ ಸದ್ದಿಗೆ ತಲೆ ಆಡಿಸುತ್ತ ತಿಂದ. ನಾನು ತಪ್ಪೊಪ್ಪಿಕೊಂಡೆ. ಅಜ್ಜ ನಕ್ಕರು. "ಗಿರ್ಮಿಟ್ ಚಲೋ ಇತ್ತಿಲ್ಲ?" ಅಷ್ಟೇ.

ಅಜ್ಜ ಡೊಳ್ಳಿನವರು. ಅವರ ಅಪ್ಪ, ಅಣ್ಣ ಎಲ್ಲರೂ ಬೀರಪ್ಪನ ಗುಡಿಯ ಮುಂದೆ ಡೊಳ್ಳು ಕಟ್ಟಿದವರೇ. ಊಟ ಆದ ಮೇಲೆ ಪ್ಯಾಡ್ ತರಿಸಿ ಹಾಸಿಗೆಯ ಮೇಲೆ ಇಡಿಸಿಕೊಂಡರು. "ಇದರಾಗ ನಮ್ಮ ಡೊಳ್ಳು ಐತೇನು?"

"ಇದೆ ಅಜ್ಜ" ಅಂದು ಡಬ್ಬ ಗುಂಡಿ ಒತ್ತಿ ಹೊಡೆದ. ಡುಂ ಅಂತು.

ಅಜ್ಜ ಇನ್ನೊಂದು ಸಲ ಹೊಡೆಸಿದರು. ಕಣ್ಣು ಮುಚ್ಚಿ ಕೇಳಿದರು. "ಇದು ಡೊಳ್ಳಲ್ಲೋ ತಮ್ಮ. ಡೊಳ್ಳಿನ ಫೋಟೋ."

ಸೋಮವಾರ

ಆರು ಗಂಟೆಗೆ ನನಗೆ ಎಚ್ಚರವಾದಾಗ ಡಬ್ಬ ಪಕ್ಕದಲ್ಲಿ ಇರಲಿಲ್ಲ. ಅಂಗಳಕ್ಕೆ ಬಂದೆ. ಮಂಜು. ಗೋವಿನಜೋಳದ ರಾಶಿಯ ಮೇಲೆ ಹೊದಿಸಿದ ಟಾರ್ಪಾಲಿನ ತುಂಬ ಇಬ್ಬನಿ. ಅಜ್ಜ ಡೊಳ್ಳನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಹಗ್ಗ ಬಿಗಿಯುತ್ತಿದ್ದರು. "ತಂಪಿಗೆ ಚರ್ಮ ಸಡಿಲ ಆಗೇತಿ. ಸ್ವಲ್ಪ ತಡೀರಿ." ಒಳಗಿನಿಂದ ಕೆಂಡದ ಬಾಣಲೆ ಬಂತು. ಅದರ ಕಾವಿಗೆ ಹಿಡಿದು ತಿರುಗಿಸಿದರು, ಬೆರಳಿನಿಂದ ತಟ್ಟಿ ನೋಡಿದರು, ಮತ್ತೆ ಕಾವಿಗೆ ಹಿಡಿದರು. ಅರ್ಧ ಗಂಟೆ ಹೀಗೇ. ಡಬ್ಬ ಕೈ ಕಟ್ಟಿ ನಿಂತಿದ್ದ, ಪಿಟ್ಟೆನ್ನದೆ. ಹೈಸ್ಕೂಲಿನಲ್ಲಿ ಯಾವ ಮೇಷ್ಟ್ರ ಮುಂದೆಯೂ ಹಾಗೆ ನಿಂತದ್ದನ್ನು ನೋಡಿಲ್ಲ.

ಆಮೇಲೆ ಡೊಳ್ಳು ಹೆಗಲಿಗೆ ಏರಿತು. ಎಪ್ಪತ್ತು ದಾಟಿದ ಮನುಷ್ಯ, ಎದ್ದು ನಿಂತ ರೀತಿಯೇ ಬದಲಾಯಿತು. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ಮೊದಲ ಏಟಿಗೆ ಮರದ ಕಾಗೆಗಳು ಹಾರಿದವು. ನನಗೆ ಸದ್ದು ಕಿವಿಯಲ್ಲಿ ಕೇಳಿದ್ದು ಆಮೇಲೆ, ಮೊದಲು ಬಡಿದದ್ದು ಪಕ್ಕೆಲುಬಿಗೆ. ಡಬ್ಬ ಹಾಡುವವರ ಮೈಕು, ಪುಟ್ಟ ರೆಕಾರ್ಡರು ತಂದು ಹಿಡಿದಿದ್ದ. ಒಂದೊಂದೇ ಏಟು ಬಿಡಿಯಾಗಿ ಬೇಕು, ನಡುವೆ ಪೂರ್ತಿ ನಿಶ್ಶಬ್ದ ಬೇಕು ಅಂತ ಬೇಡಿಕೊಂಡ. ಅಜ್ಜನಿಗೆ ಅದೊಂದು ತಲೆಗೆ ಹೋಗಲಿಲ್ಲ. "ಒಂದ ಏಟು ಹೊಡದು ನಿಂದ್ರಂದ್ರ ಹೆಂಗೋ? ಮಂಡಕ್ಕಿ ಒಂದ ಕಾಳು ತಿಂದು ನಿಲ್ಲಿಸಂದಂಗಾತು." ಕೊನೆಗೆ ಒಪ್ಪಿ ಹೊಡೆದರು. ಏಟು ಬಿದ್ದಾಗಲೆಲ್ಲ ಪಕ್ಕದ ಮನೆಯ ಹುಂಜ ಕೂಗಿತು. ಅದನ್ನು ಓಡಿಸಲು ನನ್ನನ್ನು ಕಳಿಸಿದರು. ನಾನು ಹೋದರೆ ಅದು ಮಾಳಿಗೆ ಹತ್ತಿ ಇನ್ನೂ ಜೋರಾಗಿ ಕೂಗಿತು.

ಅವರ ಮುಂದಿನ ಪ್ರೋಗ್ರಾಂ ಗದಗಿನ ಕಡೆ. ನನ್ನನ್ನು ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದರು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ಇಲ್ಲಿ ಬರುತ್ತಲೇ ಇರುತ್ತವೆ, ಸೋಮವಾರ ಬೆಳಗ್ಗೆ ಮಾತ್ರ ಸೀಟಿನ ಆಸೆ ಇಟ್ಟುಕೊಳ್ಳಬೇಡಿ. ರಾಣೇಬೆನ್ನೂರಿನ ತನಕ ನಿಂತೇ ಬಂದೆ. ಹಾವೇರಿಯ ಏಲಕ್ಕಿ ಹಾರ ತರುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೆ, ಅಷ್ಟು ಬೆಳಗ್ಗೆ ಅಂಗಡಿ ತೆಗೆದಿರಲಿಲ್ಲ. ಅಜ್ಜನ ಮನೆಯವರು ಕಟ್ಟಿಕೊಟ್ಟ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ತೋರಿಸಿ ಪಾರಾದೆ.

ಹತ್ತು ದಿನದ ಮೇಲೆ ಡಬ್ಬ ಫೋನ್ ಮಾಡಿದ. ಡೊಳ್ಳನ್ನು ಪ್ಯಾಡಿಗೆ ಏರಿಸಿದ್ದಾನಂತೆ. ಒಂದೇ ಒಂದು ಏಟು ಸರಿಯಾಗಿ ಬಂದಿದೆ, ಅದರ ಬಾಲದಲ್ಲಿ ಹುಂಜ ಕೂಗುತ್ತದೆ.

"ಕತ್ತರಿಸಿ ಹಾಕೋ" ಅಂದೆ.

"ಕತ್ತರಿಸಿದ್ರೆ ಡೊಳ್ಳಿನ ಗುಂಗೂ ಹೋಗುತ್ತೆ ಕಣೋ. ಇರ್ಲಿ ಬಿಡು. ನಿನ್ನೆ ಹಾಗೇ ನುಡಿಸಿದೆ, ಯಾರಿಗೂ ಗೊತ್ತಾಗಲಿಲ್ಲ. ದೊಡ್ಡಣ್ಣ ಮಾತ್ರ ಒಂದ್ಸಲ ತಿರುಗಿ ನೋಡಿದ್ರು."